ತಮ್ಮನ ಪಕ್ಕದ ಪೀಠ: ಟೋರೊ ರಾಜಕುಮಾರಿ ಎಲಿಜಬೆತ್ ಬಗಾಯ

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ‘ಒಬ್ಬ ರಾಜಕುಮಾರಿಯ ಬದುಕು’ ಅಂತ ಐದು ನಿಮಿಷ ಮಾತಾಡಬೇಕು. ಉಳಿದವರೆಲ್ಲ ಇಂಗ್ಲೆಂಡಿನ ರಾಜಕುಮಾರಿಯರನ್ನು ಆರಿಸಿಕೊಂಡಿದ್ದಾರೆ. ಇವಳು ಮಾತ್ರ ಆಫ್ರಿಕಾದವರೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹುಡುಕಿದಾಗ ಉಗಾಂಡಾದ ಟೋರೊ ರಾಜಕುಮಾರಿ ಎಲಿಜಬೆತ್ ಎನ್ನುವವರು ಸಿಕ್ಕರು. ಆದರೆ ಒಂದು ಕಡೆ ವಕೀಲೆ ಅಂತಿದೆ, ಇನ್ನೊಂದು ಕಡೆ ಮಾಡೆಲ್, ಮತ್ತೊಂದು ಕಡೆ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್‌ನ ವಿದೇಶಾಂಗ ಮಂತ್ರಿ. ಕೆಲವರು ರಾಣಿ ಅಂತ ಬರೆದಿದ್ದಾರೆ. ಅಮೀನ್‌ನ ಹೆಂಡತಿ ಅಂದವರೂ ಇದ್ದಾರೆ. ಇವರೆಲ್ಲ ಒಬ್ಬರೇನಾ? ರಾಜಕುಮಾರಿಯಾಗಿ ಅವರು ನಿಜಕ್ಕೂ ಮಾಡಿದ್ದೇನು?

ಉತ್ತರ: ಮೊದಲು ಮಗಳಿಗೆ ನನ್ನ ಶಭಾಷ್ ಹೇಳಿ. ಒಳ್ಳೆಯವರನ್ನೇ ಆರಿಸಿದ್ದಾಳೆ.

ವಕೀಲೆ, ಮಾಡೆಲ್, ಮಂತ್ರಿ ಮೂವರೂ ಒಬ್ಬರೇ. ಹೆಸರು ಎಲಿಜಬೆತ್ ಬಗಾಯ. ಅಮೀನ್‌ನ ಹೆಂಡತಿ ಅನ್ನುವುದು ಸುಳ್ಳು. ಅವರು ಅವನ ಮಂತ್ರಿಯಾಗಿದ್ದರು, ಹೆಂಡತಿ ಆಗಿರಲಿಲ್ಲ. ರಾಣಿ ಅನ್ನುವುದೂ ತಪ್ಪೇ. ಆದರೆ ಆ ತಪ್ಪು ಯಾಕಾಯಿತು ಅಂತ ನೋಡಿದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅವರಿಗೆ ಇದ್ದ ಪದವಿಯ ಹೆಸರು ‘ಬಟೆಬೆ’, ಅಂದರೆ ರಾಜನ ಜೊತೆಗೇ ಪದವಿ ಪಡೆಯುವ ಅವನ ಸೋದರಿ. ಈ ಪದಕ್ಕೆ ಇಂಗ್ಲಿಷಿನಲ್ಲೂ ಸರಿಯಾದ ಪದವಿಲ್ಲ, ನಮ್ಮಲ್ಲೂ ಇಲ್ಲ. ಹಾಗಾಗಿ ಬರೆಯುವವರು ಒಮ್ಮೆ ರಾಜಕುಮಾರಿ ಅನ್ನುತ್ತಾರೆ, ಒಮ್ಮೆ ರಾಣಿ ಅನ್ನುತ್ತಾರೆ. ಅವರ ಬದುಕಿನ ಬೀಗದಕೈ ಈ ಪದದಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಟೋರೊ ಇರುವುದು ಉಗಾಂಡಾದ ಪಶ್ಚಿಮ ತುದಿಯಲ್ಲಿ. ಅಲ್ಲಿ ರುವೆನ್ಜೋರಿ ಅನ್ನುವ ಬೆಟ್ಟಸಾಲಿದೆ. ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರವಿದ್ದರೂ ಅದರ ತುದಿಯಲ್ಲಿ ಹಿಮ ಇದೆ. ಕೆಳಗೆ ಟೀ ತೋಟಗಳು, ನಡುವೆ ಫೋರ್ಟ್ ಪೋರ್ಟಲ್ ಅನ್ನುವ ಊರು. ಊರಿನ ಗುಡ್ಡದ ಮೇಲೆ ಅರಮನೆ. ರಾಜನಿಗೆ ಅಲ್ಲಿ ‘ಒಮುಕಾಮ’ ಅನ್ನುತ್ತಾರೆ. ಈ ರಾಜ್ಯ ತುಂಬಾ ಹಳೆಯದಲ್ಲ. ಸುಮಾರು 1830ರಲ್ಲಿ ಕಬೋಯೊ ಎಂಬ ರಾಜಕುಮಾರ ಉತ್ತರದ ಬುನ್ಯೋರೊ ರಾಜ್ಯದಲ್ಲಿ ತನ್ನ ಅಪ್ಪನಿಂದಲೇ ಬೇರೆಯಾಗಿ ಕಟ್ಟಿಕೊಂಡದ್ದು. ಬುನ್ಯೋರೊದವರು ಮತ್ತೆ ಮತ್ತೆ ದಂಡೆತ್ತಿ ಬಂದರು. ಒಂದು ಹಂತದಲ್ಲಿ ಟೋರೊ ಅಳಿದೇಹೋಗಿತ್ತು. 1891ರಲ್ಲಿ ಬ್ರಿಟಿಷ್ ಅಧಿಕಾರಿ ಲುಗಾರ್ಡ್, ತಲೆತಪ್ಪಿಸಿಕೊಂಡಿದ್ದ ಕಸಗಾಮ ಎಂಬ ಯುವಕನನ್ನು ತಂದು ಗದ್ದಿಗೆಗೆ ಕೂರಿಸಿದ. ಆ ಕಸಗಾಮ ಎಲಿಜಬೆತ್ ಅವರ ಅಜ್ಜ. ಅಪ್ಪ ಮೂರನೆಯ ರುಕಿಡಿ. ಅವರು 1920ರ ದಶಕದ ಕೊನೆಯಿಂದ 1965ರವರೆಗೆ ಆಳಿದರು. ಎಲಿಜಬೆತ್ ಹುಟ್ಟಿದ್ದು 1936ರಲ್ಲಿ.

ಈಗ ಬಟೆಬೆ ವಿಷಯ. ಟೋರೊದಲ್ಲಿ ಹೊಸ ರಾಜನಿಗೆ ಪಟ್ಟ ಕಟ್ಟುವಾಗ ಅವನ ಒಬ್ಬ ಸೋದರಿಗೂ ಪದವಿ ಕೊಡುತ್ತಾರೆ. ಅವಳೇ ಬಟೆಬೆ. ರಾಜನ ಹೆಂಡತಿ ಬೇರೆ, ರಾಜನ ತಾಯಿ ಬೇರೆ, ಅವರಿಗೆಲ್ಲ ಬೇರೆ ಹೆಸರು, ಬೇರೆ ಮರ್ಯಾದೆ. ಬಟೆಬೆ ಮಾತ್ರ ರಾಜನ ಅಕ್ಕನೋ ತಂಗಿಯೋ ಆಗಿರಬೇಕು. ರಾಜಮನೆತನದ ಹೆಣ್ಣುಮಕ್ಕಳಿಗೆಲ್ಲ ಅವಳು ಹಿರಿಯಳು. ರಾಜನಿಗೆ ಬುದ್ಧಿ ಹೇಳುವ ಹಕ್ಕು ಅವಳದ್ದು. ಸುಮ್ನೆ ಯೋಚಿಸಿ ನೋಡಿ, ಗದ್ದಿಗೆ ಏರಿದವನಿಗೆ ‘ನೀನು ಮಾಡಿದ್ದು ಸರಿಯಿಲ್ಲ’ ಅಂತ ಯಾರು ಹೇಳಬೇಕು? ಮಂತ್ರಿಗೆ ಭಯ, ಹೆಂಡತಿಗೆ ಅವಳ ತವರಿನ ಲೆಕ್ಕ. ಜೊತೆಯಲ್ಲಿ ಆಡಿ ಬೆಳೆದ ಅಕ್ಕ ಹೇಳಬಹುದು. ಆ ಮಾತಿಗೆ ಒಂದು ಪೀಠವನ್ನೇ ಕೊಟ್ಟ ಸಮಾಜ ಅದು. ಪಕ್ಕದ ಬುಗಾಂಡಾ ರಾಜ್ಯದಲ್ಲೂ ಪಟ್ಟಾಭಿಷೇಕದಲ್ಲಿ ರಾಜನ ಜೊತೆ ಅವನ ಸೋದರಿ ಇರುತ್ತಾಳೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ, ನನಗೆ ಅದು ಅಷ್ಟು ಇಷ್ಟ. ಟೋರೊ ಜನರಿಗೆ ಹುಟ್ಟಿದಾಗ ಇಡುವ ಹೆಸರಿನ ಜೊತೆ ‘ಎಂಪಾಕೊ’ ಎಂಬ ಮತ್ತೊಂದು ಹೆಸರು ಇರುತ್ತದೆ. ಒಟ್ಟು ಇರುವುದೇ ಹನ್ನೆರಡು ಹೆಸರು. ಅಮೂಟಿ, ಅಬ್ವೋಲಿ, ಅಕೀಕಿ, ಅಟೇನ್ಯಿ, ಅಡ್ಯೇರಿ, ಹೀಗೆ. ಹನ್ನೆರಡರಲ್ಲಿ ಒಂದು ರಾಜನಿಗೇ ಮೀಸಲು. ಯಾರನ್ನಾದರೂ ಮಾತಾಡಿಸುವಾಗ ಈ ಹೆಸರು ಹಿಡಿದು ಕರೆದರೆ ಅದು ಪ್ರೀತಿಯೂ ಹೌದು, ಮರ್ಯಾದೆಯೂ ಹೌದು. ನಮ್ಮಲ್ಲಿ ಹಿರಿಯರನ್ನು ಬರೀ ಹೆಸರಿನಿಂದ ಕರೆದರೆ ಮುಖ ಸಿಂಡರಿಸುತ್ತಾರಲ್ವಾ, ಅಲ್ಲೂ ಎಂಪಾಕೊ ಬಿಟ್ಟು ಬರೀ ಹೆಸರು ಹಿಡಿದರೆ ಹಾಗೇ. ಮಕ್ಕಳು ದೊಡ್ಡವರನ್ನು ಕರೆಯುವುದೂ ಈ ಹೆಸರಿನಿಂದಲೇ, ದೊಡ್ಡವರು ಮಕ್ಕಳನ್ನು ಕರೆಯುವುದೂ ಈ ಹೆಸರಿನಿಂದಲೇ. 2013ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಎಲಿಜಬೆತ್ ಅವರ ಎಂಪಾಕೊ ಅಕೀಕಿ. ಊರಿನವರಿಗೆ ಅವರು ಎಲಿಜಬೆತ್ ಅಲ್ಲ, ಅಕೀಕಿ.

ಓದು ಶುರುವಾದದ್ದು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ಆಮೇಲೆ ಕಂಪಾಲಾ ಹತ್ತಿರದ ಗಯಾಜಾ ಹೈಸ್ಕೂಲು. ಅಲ್ಲಿಂದ ಇಂಗ್ಲೆಂಡಿನ ಶೆರ್ಬೋರ್ನ್ ಎಂಬ ಹೆಣ್ಣುಮಕ್ಕಳ ಶಾಲೆ. ಇಡೀ ಶಾಲೆಯಲ್ಲಿ ಕಪ್ಪು ಬಣ್ಣದ ಹುಡುಗಿ ಅವರೊಬ್ಬರೇ. ತಾನು ಅಲ್ಲಿ ಸೋತರೆ ಅದು ತನ್ನೊಬ್ಬಳ ಸೋಲಾಗುವುದಿಲ್ಲ, ಇಡೀ ಕಪ್ಪು ಜನಾಂಗದ ಸೋಲು ಅಂತ ಎಣಿಸುತ್ತಾರೆ ಎಂಬ ಭಾರ ಹೊತ್ತು ಓದಿದೆ ಅಂತ ಅವರು ಮುಂದೆ ಬರೆದುಕೊಂಡಿದ್ದಾರೆ. ಹದಿಹರೆಯದ ಹುಡುಗಿಯ ಮೇಲೆ ಎಂಥ ಭಾರ! ನಿಮ್ಮ ಮಗಳ ವಯಸ್ಸಿನವರಿಗೆ ಈ ಮಾತು ಚೆನ್ನಾಗಿ ತಟ್ಟುತ್ತದೆ, ಇದನ್ನು ಅವಳು ಬಿಡದಿರಲಿ.

ಅವರು ಸೋಲಲಿಲ್ಲ. ಕೇಂಬ್ರಿಡ್ಜ್‌ನ ಗರ್ಟನ್ ಕಾಲೇಜಿಗೆ ಸೇರಿದರು. 1962ರಲ್ಲಿ ಪದವಿ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಉಗಾಂಡಾ ಸ್ವತಂತ್ರವಾಯಿತು. 1965ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದರು. ಪೂರ್ವ ಆಫ್ರಿಕಾದಿಂದ ಅಲ್ಲಿಗೆ ತಲುಪಿದ ಮೊದಲ ಹೆಂಗಸು ಅವರು.

ಅದೇ 1965ರ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡರು. ತಮ್ಮ ಪ್ಯಾಟ್ರಿಕ್ ಕಬೋಯೊಗೆ ಆಗಿನ್ನೂ ಇಪ್ಪತ್ತರ ಆಸುಪಾಸು. 1966ರಲ್ಲಿ ಅವನಿಗೆ ಪಟ್ಟವಾಯಿತು, ಅಕ್ಕನಿಗೆ ಬಟೆಬೆ ಪದವಿ ಬಂತು. ಮೂವತ್ತರ ಬ್ಯಾರಿಸ್ಟರ್ ಅಕ್ಕ, ಎಳೆಯ ರಾಜ. ಆ ಪದವಿ ಹುಟ್ಟಿದ್ದೇ ಇಂಥ ಜೋಡಿಗೆ ಅನ್ನಬೇಕು.

ಆದರೆ ಕಾಲ ಕೈಕೊಟ್ಟಿತು. ಸ್ವತಂತ್ರ ಉಗಾಂಡಾದ ಪ್ರಧಾನಿ ಮಿಲ್ಟನ್ ಒಬೋಟೆಗೆ ಹಳೆಯ ರಾಜ್ಯಗಳು ಕಣ್ಣಿಗೆ ಕಸ. 1966ರ ಮೇ ತಿಂಗಳಲ್ಲಿ ಬುಗಾಂಡಾ ರಾಜನ ಅರಮನೆಯ ಮೇಲೆ ಸೈನ್ಯ ನುಗ್ಗಿಸಿದ. ರಾಜ ಎರಡನೆಯ ಮುಟೇಸ ಲಂಡನ್ನಿಗೆ ಓಡಿಹೋಗಬೇಕಾಯಿತು. ಆ ದಾಳಿಯ ಮುಂದಾಳು ಇದಿ ಅಮೀನ್. ಈ ಹೆಸರನ್ನು ಇಲ್ಲಿ ಗುರುತಿಟ್ಟುಕೊಳ್ಳಿ. 1967ರ ಹೊಸ ಸಂವಿಧಾನ ಎಲ್ಲ ರಾಜ್ಯಗಳನ್ನೂ ರದ್ದು ಮಾಡಿತು. ನಮ್ಮಲ್ಲಿ ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದ ಮೇಲೂ ರಾಜರಿಗೆ ರಾಜಧನ ಬರುತ್ತಿತ್ತು, 1971ರವರೆಗೂ ನಡೆಯಿತು. ಉಗಾಂಡಾದಲ್ಲಿ ಅಂಥ ಸಾವಧಾನ ಇರಲಿಲ್ಲ. ಬಟೆಬೆ ಆದ ಮರುವರ್ಷವೇ ಆ ಪೀಠ ಕಾನೂನಿನ ಕಣ್ಣಲ್ಲಿ ಇಲ್ಲವಾಯಿತು.

ಮಾಡೆಲಿಂಗ್ ಬಂದದ್ದು ಈ ಹೊತ್ತಿನಲ್ಲಿ. ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಅವರಿಂದ ಒಂದು ಕರೆ ಬಂತು. ಲಂಡನ್ನಿನಲ್ಲಿ ಕಾಮನ್‌ವೆಲ್ತ್ ದೇಶಗಳ ಫ್ಯಾಷನ್ ಶೋ, ಬರುವ ಹಣ ದಾನಕ್ಕೆ, ಅದರಲ್ಲಿ ಉಗಾಂಡಾ ಪರವಾಗಿ ನೀವು ಬರಬೇಕು ಅಂತ. ಹಾಗೆ ಊರಿನಿಂದ ಹೊರಬಿದ್ದರು. ಆ ಒಂದು ಸಂಜೆಯಿಂದ ದಾರಿ ತೆರೆಯಿತು. ಮೊದಲು ಲಂಡನ್, ಆಮೇಲೆ ನ್ಯೂಯಾರ್ಕ್. ವೋಗ್, ಹಾರ್ಪರ್ಸ್ ಬಜಾರ್‌ನಂಥ ದೊಡ್ಡ ಪತ್ರಿಕೆಗಳಲ್ಲಿ ಅವರ ಫೋಟೊ ಬಂತು. 1969ರಲ್ಲಿ ಹಾರ್ಪರ್ಸ್ ಬಜಾರ್ ಮುಖಪುಟಕ್ಕೇ ಬಂದರು. ಮುಂದೆ ಸಿನಿಮಾದಲ್ಲೂ ನಟಿಸಿದರು.

ಇಲ್ಲಿ ಒಂದು ಎಚ್ಚರಿಕೆ. ‘ಫ್ಯಾಷನ್ ಪತ್ರಿಕೆಯ ಮುಖಪುಟಕ್ಕೆ ಬಂದ ಮೊದಲ ಕಪ್ಪು ಮಹಿಳೆ’ ಅಂತ ಬಹಳ ಕಡೆ ಬರೆದಿರುತ್ತಾರೆ. ಮಗಳು ಹಾಗೆ ಹೇಳದಿರಲಿ. ಅಮೆರಿಕದ ಡೊನ್ಯಾಲ್ ಲೂನಾ 1966ರಲ್ಲೇ ಬ್ರಿಟನ್ನಿನ ವೋಗ್ ಮುಖಪುಟದಲ್ಲಿದ್ದರು. ಹಾರ್ಪರ್ಸ್ ಬಜಾರ್ ಮುಖಪುಟದಲ್ಲೂ 1965ರಲ್ಲಿ ಲೂನಾ ಅವರ ಚಿತ್ರವಿತ್ತು, ಆದರೆ ಅದು ಕೈಯಲ್ಲಿ ಬರೆದದ್ದು, ಫೋಟೊ ಅಲ್ಲ. ಲೂನಾ ಹೆಸರನ್ನು ಅಳಿಸಿ ಎಲಿಜಬೆತ್‌ರನ್ನು ದೊಡ್ಡವರು ಮಾಡುವ ಅಗತ್ಯ ಇಲ್ಲ. ಕೇಂಬ್ರಿಡ್ಜ್‌ನಲ್ಲಿ ಓದಿದ ಬ್ಯಾರಿಸ್ಟರ್, ಪಟ್ಟ ಕಳೆದುಕೊಂಡ ಮನೆತನದ ಮಗಳು ಹೊಟ್ಟೆಪಾಡಿಗೂ ಮಾನಕ್ಕೂ ಕ್ಯಾಮೆರಾ ಮುಂದೆ ನಿಂತದ್ದೇ ಸಾಕಷ್ಟು ದೊಡ್ಡ ಕಥೆ.

ಇನ್ನು ಅಮೀನ್. ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಭಾರತದವರಿಗೆ ಇದಿ ಅಮೀನ್ ಅಂದರೆ ನೆನಪಾಗುವುದು 1972. ತೊಂಬತ್ತು ದಿನದೊಳಗೆ ಏಷ್ಯಾ ಮೂಲದವರೆಲ್ಲ ದೇಶ ಬಿಡಬೇಕು ಅಂದ. ತಲೆಮಾರುಗಳಿಂದ ಅಂಗಡಿ, ಗಿರಣಿ, ಶಾಲೆ ನಡೆಸಿದ್ದ ಸಾವಿರಾರು ಭಾರತೀಯ ಕುಟುಂಬಗಳು ಬರಿಗೈಯಲ್ಲಿ ಹೊರಟವು. ಅಂಥವನ ಸರ್ಕಾರದಲ್ಲಿ ಈಕೆ ಯಾಕೆ ಇದ್ದರು? ಮಗಳ ಕ್ಲಾಸಿನಲ್ಲಿ ಯಾರಾದರೂ ಇದನ್ನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ನನ್ನ ತಿಳಿವಳಿಕೆ ಹೀಗಿದೆ. 1971ರ ಜನವರಿಯಲ್ಲಿ ಅಮೀನ್ ಒಬೋಟೆಯನ್ನು ಇಳಿಸಿದ. ರಾಜ್ಯಗಳನ್ನು ರದ್ದು ಮಾಡಿದವನು ಹೋದ ಅಂತ ಜನ ಬೀದಿಗಿಳಿದು ಕುಣಿದರು. ಲಂಡನ್ನಿನಲ್ಲಿ ತೀರಿಕೊಂಡಿದ್ದ ರಾಜ ಮುಟೇಸನ ದೇಹವನ್ನು ಅಮೀನ್ ಊರಿಗೆ ತರಿಸಿ ಮರ್ಯಾದೆಯಿಂದ ಮಣ್ಣು ಮಾಡಿಸಿದ. ಅವನ ಅರಮನೆಗೆ ನುಗ್ಗಿದವನೇ ಹಾಗೆ ಮಾಡಿದಾಗ, ಹಳೆಯ ರಾಜಮನೆತನಗಳಿಗೆ ಆಸೆ ಹುಟ್ಟಿತು. ಎಲಿಜಬೆತ್ ವಾಪಸ್ ಬಂದರು. ಅಮೀನ್ ಅವರನ್ನು ಸಂಚಾರಿ ರಾಯಭಾರಿ ಮಾಡಿದ. ಆದರೆ ರಾಜ್ಯಗಳನ್ನು ಅವನೂ ವಾಪಸ್ ಕೊಡಲಿಲ್ಲ. ಏಷ್ಯಾದವರನ್ನು ಓಡಿಸಿದಾಗಲೂ ಎಲಿಜಬೆತ್ ಆ ಸರ್ಕಾರದಲ್ಲೇ ಇದ್ದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆಸೆಯಿಂದ ಒಳಗೆ ಹೋದವರಿಗೆ ಹೊರಬರುವ ಬಾಗಿಲು ಬೇಗ ಮುಚ್ಚಿಹೋಗಿತ್ತು ಅನ್ನುವುದೂ ನಿಜ.

ಎಷ್ಟು ಮುಚ್ಚಿಹೋಗಿತ್ತು ಅಂದರೆ, 1974ರ ಫೆಬ್ರವರಿಯಲ್ಲಿ ವಿದೇಶಾಂಗ ಮಂತ್ರಿ ಮೈಕೆಲ್ ಒಂಡೋಗನನ್ನು ಅಮೀನ್ ಕಿತ್ತುಹಾಕಿದ. ಆ ಜಾಗಕ್ಕೆ ಎಲಿಜಬೆತ್‌ರನ್ನು ತಂದ. ಕೆಲವು ವಾರಗಳಲ್ಲಿ ಒಂಡೋಗನ ಹೆಣ ನೈಲ್ ನದಿಯಲ್ಲಿ ಸಿಕ್ಕಿತು. ಹಿಂದಿನವನ ಹೆಣ ನದಿಯಲ್ಲಿ ತೇಲಿದ ಕುರ್ಚಿ ಅದು. ಅಲ್ಲಿ ಕೂತವರಿಗೆ ‘ಬೇಡ’ ಅನ್ನುವುದೂ ಸುಲಭವಿರಲಿಲ್ಲ, ‘ಸಾಕು’ ಅನ್ನುವುದೂ ಸುಲಭವಿರಲಿಲ್ಲ.

ಆ ವರ್ಷವೇ ಅವರು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಉಗಾಂಡಾ ಪರವಾಗಿ ಮಾತಾಡಿದರು. ಕೆಲವೇ ವರ್ಷದ ಹಿಂದೆ ಮಾಡೆಲ್ ಆಗಿ ದುಡಿದ ಊರಿಗೆ ಈಗ ಒಂದು ದೇಶದ ಮಂತ್ರಿಯಾಗಿ ಬಂದಿದ್ದರು. ಪತ್ರಿಕೆಗಳು ಹಾಡಿ ಹೊಗಳಿದವು. ನವೆಂಬರಿನಲ್ಲಿ ಅಮೀನ್ ಅವರನ್ನೂ ಕಿತ್ತುಹಾಕಿದ. ಬರೀ ಕಿತ್ತುಹಾಕಿದ್ದರೆ ಬೇರೆ ಮಾತು. ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಒಬ್ಬ ಬಿಳಿಯನ ಜೊತೆ ಅಸಭ್ಯವಾಗಿ ನಡೆದುಕೊಂಡರು ಅಂತ ಇಡೀ ಜಗತ್ತಿಗೆ ಸಾರಿದ. ಹಸಿ ಸುಳ್ಳು. ಹೆಂಗಸನ್ನು ಮುಗಿಸಬೇಕು ಅಂದರೆ ಅವಳ ನಡತೆಗೆ ಮಸಿ ಬಳಿಯುವ ಹಳೆಯ ಕೊಳಕು ದಾರಿಯನ್ನೇ ಅವನೂ ಹಿಡಿದ. ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಮಗಳ ಭಾಷಣಕ್ಕೆ ಇದರಲ್ಲಿ ಎಷ್ಟು ಬೇಕು ಅಂತ ನೀವೇ ನೋಡಿ. ‘ಸುಳ್ಳು ಆರೋಪ ಹೊರಿಸಿ ತೆಗೆದುಹಾಕಿದ’ ಅಂದರೆ ಸಾಕು.

ಮನೆಯಲ್ಲೇ ಬಂಧನವಾಯಿತು. 1975ರ ಆರಂಭದಲ್ಲಿ ಗುಟ್ಟಾಗಿ ಗಡಿ ದಾಟಿ ಕೀನ್ಯಾ ಸೇರಿದರು, ಅಲ್ಲಿಂದ ಬ್ರಿಟನ್. ಆಮೇಲೆ ಮಾಡಿದ ಕೆಲಸ ನೋಡಿ. ಆ ಸುಳ್ಳನ್ನು ಅಚ್ಚು ಹಾಕಿದ್ದ ಪತ್ರಿಕೆಗಳ ಮೇಲೆ ಮಾನನಷ್ಟದ ಕೇಸು ಹಾಕಿದರು. ಗೆದ್ದರು. ಓದಿದ ಕಾನೂನು ಬಹಳ ಕಾಲದ ಮೇಲೆ ತಮ್ಮದೇ ಮಾನ ಉಳಿಸಿಕೊಳ್ಳಲು ಕೆಲಸಕ್ಕೆ ಬಂತು. ಅವರ ಬದುಕಿನಲ್ಲಿ ನನಗೆ ಮುಖಪುಟಕ್ಕಿಂತ ಈ ಗೆಲುವು ದೊಡ್ಡದು.

1979ರಲ್ಲಿ ಟಾಂಜಾನಿಯಾ ಸೈನ್ಯ ಬಂದು ಅಮೀನ್ ಓಡಿಹೋದ. ಎಲಿಜಬೆತ್ ಊರಿಗೆ ಬಂದರು. 1980ರ ಚುನಾವಣೆಯಲ್ಲಿ ಒಬೋಟೆ ಮತ್ತೆ ಗದ್ದಿಗೆಗೆ ಬಂದ, ಇವರು ಮತ್ತೆ ದೇಶ ಬಿಟ್ಟರು. 1981ರಲ್ಲಿ ವಿಲ್ಬರ್ ನ್ಯಬೋಂಗೊ ಎಂಬ ಪೈಲಟ್ ಜೊತೆ ಮದುವೆಯಾಯಿತು. 1986ರಲ್ಲಿ ಮುಸೆವೆನಿ ಅಧಿಕಾರ ಹಿಡಿದಾಗ ಅವರನ್ನು ಅಮೆರಿಕಕ್ಕೆ ರಾಯಭಾರಿಯಾಗಿ ಕಳಿಸಿದರು. ಆ ವರ್ಷದ ಕೊನೆಯಲ್ಲೇ ಗಂಡ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಮದುವೆಯಾಗಿ ಐದು ವರ್ಷವಷ್ಟೆ. ಮುಂದೆ ಜರ್ಮನಿ, ನೈಜೀರಿಯಾಗಳಲ್ಲೂ ಅವರು ಉಗಾಂಡಾವನ್ನು ಪ್ರತಿನಿಧಿಸಿದರು.

ಈಗ ನಿಮ್ಮ ಕೊನೆಯ ಪ್ರಶ್ನೆ: ರಾಜಕುಮಾರಿಯಾಗಿ ಏನು ಮಾಡಿದರು?

1993ರಲ್ಲಿ ಉಗಾಂಡಾ ಹಳೆಯ ರಾಜ್ಯಗಳನ್ನು ಮತ್ತೆ ಒಪ್ಪಿಕೊಂಡಿತು. ಆಳುವ ಅಧಿಕಾರವಿಲ್ಲ, ಸೈನ್ಯವಿಲ್ಲ. ಸಂಸ್ಕೃತಿ, ಭಾಷೆ, ಜನರ ಒಗ್ಗಟ್ಟು ನೋಡಿಕೊಳ್ಳುವ ಪದವಿ ಮಾತ್ರ. ಪ್ಯಾಟ್ರಿಕ್ ಕಬೋಯೊಗೆ ಮತ್ತೆ ಪಟ್ಟವಾಯಿತು. ಇಪ್ಪತ್ತಾರು ವರ್ಷದ ಮೇಲೆ ಅಕ್ಕ ತಮ್ಮ ಮತ್ತೆ ಆ ಗುಡ್ಡದ ಮೇಲೆ. ಆದರೆ ಅರಮನೆ? ಅಮೀನ್ ಬಿದ್ದ ಗಲಾಟೆಯಲ್ಲಿ ಲೂಟಿಯಾಗಿ ಹಾಳು ಬಿದ್ದಿತ್ತು. 2001ರಲ್ಲಿ ಲಿಬಿಯಾದ ಗಡಾಫಿ ಕೊಟ್ಟ ಹಣದಿಂದ ಅದು ರಿಪೇರಿಯಾಯಿತು.

ಅಷ್ಟರಲ್ಲಿ ತಮ್ಮ ಇರಲಿಲ್ಲ. 1995ರಲ್ಲಿ ತೀರಿಕೊಂಡ. ಅವನ ಮಗ ಓಯೊಗೆ ಆಗ ಮೂರು ವರ್ಷ. ಮೂರು ವರ್ಷದ ಮಗುವಿಗೆ ಪಟ್ಟ ಕಟ್ಟಿದರು. ಜಗತ್ತಿನ ಪತ್ರಿಕೆಗಳೆಲ್ಲ ಪುಟ್ಟ ರಾಜನ ಫೋಟೊ ಹಾಕಿದವು. ಆ ಮಗು ದೊಡ್ಡದಾಗುವವರೆಗೆ ಮನೆತನವನ್ನೂ ಪದವಿಯನ್ನೂ ಕಾಯಬೇಕಾದ ಹಿರಿಯರಲ್ಲಿ ಎಲಿಜಬೆತ್ ಒಬ್ಬರು. ತಾಯಿ ಬೆಸ್ಟ್ ಕೆಮಿಗಿಸ ಇದ್ದರು. ಜೊತೆಗೆ ಅತ್ತೆಯ ಕಾವಲು.

ಅಲ್ಲಿನ ಭಾಷೆಯಲ್ಲಿ ಸೋದರತ್ತೆಗೆ ‘ಇಸೆಂಕಾಟಿ’ ಅನ್ನುತ್ತಾರೆ. ಬಿಡಿಸಿ ಹೇಳಿದರೆ ಅದು ‘ಹೆಣ್ಣು ಅಪ್ಪ’ ಅಂತ. ಅಪ್ಪನ ಅಕ್ಕತಂಗಿಯರು ಅಪ್ಪನ ಸಮ, ಅಪ್ಪನಿಗೆ ಕೊಡುವ ಮರ್ಯಾದೆ ಅವರಿಗೂ. ಅಪ್ಪ ಇಲ್ಲದ ಮೂರು ವರ್ಷದ ರಾಜನಿಗೆ ಎಲಿಜಬೆತ್ ಆದದ್ದು ಅದೇ. ಬಟೆಬೆ ಪದವಿ ಬಂದಾಗ ಅವರಿಗೆ ಮೂವತ್ತು ವರ್ಷ. ಪುಟ್ಟ ರಾಜನನ್ನು ಕಾಯುವ ಕೆಲಸ ಕೈಗೆ ಬಂದಾಗ ಐವತ್ತೊಂಬತ್ತು. ನಡುವಿನ ವಕಾಲತ್ತು, ಫೋಟೊ, ಮಂತ್ರಿಗಿರಿ, ಓಡಾಟ ಇವೆಲ್ಲ ನಮಗೆ ಬಣ್ಣಬಣ್ಣವಾಗಿ ಕಾಣುತ್ತವೆ. ಊರಿನ ಕಣ್ಣಲ್ಲಿ ಅವರು ಉದ್ದಕ್ಕೂ ರಾಜನ ಅಕ್ಕ. ಓಯೊ 2010ರಲ್ಲಿ ಹದಿನೆಂಟು ತುಂಬಿ ತನ್ನ ಹೊಣೆ ತಾನೇ ವಹಿಸಿಕೊಂಡ.

ಐದು ನಿಮಿಷದಲ್ಲಿ ಇದೆಲ್ಲ ಹಿಡಿಸುವುದಿಲ್ಲ. ನನ್ನ ಸಲಹೆ ಇಷ್ಟು. ಮಗಳು ಮುಖಪುಟದಿಂದ ಶುರು ಮಾಡದಿರಲಿ. ಆ ಮೂರು ವರ್ಷದ ರಾಜನಿಂದ ಶುರು ಮಾಡಲಿ, ಪಕ್ಕದಲ್ಲಿರುವ ಅತ್ತೆ ಯಾರು ಅಂತ ಕೇಳಲಿ, ಆಮೇಲೆ ಹಿಂದಕ್ಕೆ ಹೋಗಲಿ. ಉಗಾಂಡಾದ ಒಂದು ನಕ್ಷೆ ಬರೆದು ಪಶ್ಚಿಮಕ್ಕೆ ರುವೆನ್ಜೋರಿ ಬೆಟ್ಟ, ಅದರ ಪಕ್ಕ ಫೋರ್ಟ್ ಪೋರ್ಟಲ್ ಗುರುತು ಮಾಡಿದರೆ ಚೆನ್ನಾಗಿರುತ್ತದೆ. ಹೆಸರು ಹೇಳುವಾಗ ಬಗಾಯ ಅನ್ನುವಲ್ಲಿ ‘ಗಾ’ ಉದ್ದ ಮಾಡಬೇಕು. ಕೊನೆಯಲ್ಲಿ ಅಕೀಕಿ ಸೇರಿಸುವುದನ್ನು ಮರೆಯದಿರಲಿ. ಟೋರೊದವರು ಯಾರಾದರೂ ಕೇಳಿಸಿಕೊಂಡರೆ ಅವರಿಗೆ ಮೊದಲು ಕಿವಿಗೆ ಬೀಳಬೇಕಾದದ್ದು ಅದೇ ಹೆಸರು.